ನಲವತ್ತೊಂದನೆಯ ನೀಲಿ

ಬಾಣಂತಿ ಮಗಳು ಕೂಸಿನ ಬಿಳಿ ಬಟ್ಟೆಯೊಂದನ್ನು ತಂದು ಅಪ್ಪನ ತೊಡೆಯ ಮೇಲೆ ಹಾಕಿದಳು. ಅವನು ಆಗಷ್ಟೇ ಬಸ್ಸಿಳಿದು ಬಂದು ಕೂತಿದ್ದ, ಕೈಚೀಲವನ್ನೂ ಕೆಳಗಿಟ್ಟಿರಲಿಲ್ಲ.

"ಅಪ್ಪಾ, ನೀನೇ ಹೇಳು. ಇದಕ್ಕೆ ಈ ನೀಲಿ ಎಲ್ಲಿಂದ ಹತ್ತಿದೆ? ಅತ್ತೆ ನನ್ನ ಲಂಗದ್ದು ಅಂತಾರೆ, ನಾನು ಅವರ ಶಾಲಿಂದು ಅಂತೀನಿ. ಮೂರು ದಿನದಿಂದ ಇದೇ ಪಂಚಾಯಿತಿ."

"ಬೀಗರು ಬಣ್ಣದ ಮೇಸ್ತ್ರಿ ಅಲ್ವಾ, ಅವರೇ ತೀರ್ಮಾನ ಮಾಡ್ಲಿ," ಎಂದರು ಬೀಗಿತ್ತಿ ಒಲೆಯ ಹತ್ತಿರದಿಂದ. ಕೂಸಿನ ಸ್ನಾನಕ್ಕೆ ನೀರು ಕಾಯುತ್ತಿತ್ತು. "ನನ್ನ ಶಾಲು ಮೂವತ್ತು ವರ್ಷದ್ದು. ಬಿಡೋ ಬಣ್ಣನೆಲ್ಲ ಬಿಟ್ಟು ಸುಮ್ಮನಾಗಿ ಎಷ್ಟೋ ಕಾಲ ಆಯ್ತು, ನನ್ನ ಹಾಗೇ."

ಅಪ್ಪ ನಕ್ಕ. ಜೀವಮಾನವೆಲ್ಲ ಬಟ್ಟೆಗೆ ಬಣ್ಣ ಹಾಕಿದವನಿಗೆ ಇದೇನು ಮಹಾ? ಅಭ್ಯಾಸದಂತೆ ಎದ್ದು ಉತ್ತರದ ಕಿಟಕಿಗೆ ಹೋದ. ಬಣ್ಣ ನೋಡುವುದಿದ್ದರೆ ಬಿಸಿಲು ಬೀಳದ ಕಿಟಕಿಯೇ ಆಗಬೇಕು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬೆಳಕಿಗೆ ಹಿಡಿದ. ಬಾಯಿ ತನ್ನಷ್ಟಕ್ಕೆ ತಾನೇ, "ನೀಲಿಯಲ್ಲಿ ಕೆಂಪು ಒಂದು ಗುಲಗಂಜಿಯಷ್ಟು ಹೆಚ್ಚು," ಎಂದಿತು.

ಹೇಳಿದವನು ಬಟ್ಟೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದ. ಎರಡು ತಿಂಗಳಿಂದ ಪ್ರತಿ ಸೋಮವಾರ ಅವನು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದುದು ಇದೇ ಮಾತು.

ಅವನ ಕಾರ್ಖಾನೆಯವರು ಬಣ್ಣದ ತೊಟ್ಟಿಗಳನ್ನು ಮುಚ್ಚಿ ವರ್ಷವಾಗಿತ್ತು. ಅಂಗಿ ಕೊಳ್ಳುವ ಸಮುದ್ರದಾಚೆಯ ಅಂಗಡಿಯವರು ಬಂದು, ಕಾರ್ಖಾನೆಯ ಹಿಂದಿನ ಹೊಳೆಗೆ ಬಣ್ಣದ ನೀರು ಬೀಳುವುದನ್ನು ನೋಡಿ ಮುಖ ಸಿಂಡರಿಸಿದ್ದರು. ಈಗ ಅಲ್ಲಿ ಹೊಲಿಗೆ ಮಾತ್ರ. ಬಣ್ಣದ ಕೆಲಸ ಬೇರೆ ಯಾವುದೋ ಊರಿಗೆ ಹೋಗಿತ್ತು. ಅಲ್ಲಿಂದ ವಾರಕ್ಕೊಮ್ಮೆ ಮಾದರಿಗೆಂದು ಬಣ್ಣದ ಬಟ್ಟೆಯ ತುಂಡು ಬರುತ್ತಿತ್ತು. ಅವನು ಕಿಟಕಿಗೆ ಹಿಡಿದು ನೋಡಿ ಸರಿತಪ್ಪು ಬರೆಯುತ್ತಿದ್ದ. ಯಾವ ಊರಿಂದ ಬಂತು ಎಂದು ಒಂದು ದಿನವೂ ಲಕೋಟೆ ತಿರುಗಿಸಿ ನೋಡಿದವನಲ್ಲ. ತನ್ನೂರಿನ ಹೊಳೆಯಂತೂ ಈಗ ತಿಳಿಯಾಗಿತ್ತು, ಮೀನು ಕೂಡ ಕಂಡಿದ್ದವು. ಅದನ್ನು ಮಗಳಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಹಿಗ್ಗಿಕೊಂಡು ಬಂದಿದ್ದ.

"ಇಲ್ಲಿ ಹತ್ತಿರ ಹೊಸ ಕಾರ್ಖಾನೆ ಏನಾದ್ರೂ ಬಂದಿದೆಯಾ?"

"ರೈಲು ಹಳಿ ಆಚೆ ಬಟ್ಟೆ ಬಣ್ಣದ್ದೊಂದು ಬಂದಿದೆ, ಒಂದು ವರ್ಷ ಆಯ್ತು. ನಿನ್ನ ಅಳಿಯಂಗೂ ಈಗ ಅಲ್ಲೇ ಕೆಲಸ. ಯಾಕಪ್ಪಾ?"

"ಬಟ್ಟೆ ಒಗೆಯೋದು ಯಾವ ನೀರಲ್ಲಿ?"

"ಬಾವೀದು. ಕುಡಿಯೋಕೆ, ಅಡುಗೆಗೆ, ಎಲ್ಲಕ್ಕೂ ಅದೇ."

ಶಾಲಿನದ್ದು ಎಂದುಬಿಟ್ಟರೆ ಬೀಗಿತ್ತಿ ಎರಡು ದಿನ ಮುಖ ಊದಿಸಿಕೊಂಡು ಸುಮ್ಮನಾಗುತ್ತಾರೆ. ಲಂಗದ್ದು ಎಂದರೆ ಮಗಳು. ಎರಡೂ ಅವನ ನಾಲಿಗೆಯ ತುದಿಗೆ ಬಂದವು. ಅಷ್ಟರಲ್ಲಿ ಬೀಗಿತ್ತಿ ಕಾದ ನೀರನ್ನು ಕೂಸಿನ ಟಬ್ಬಿಗೆ ಸುರಿದರು. ನೋಡಲು ತಿಳಿಯಾದ ನೀರೇ. 

"ತಡೀರಿ," ಎಂದು ಕೈಚೀಲದಿಂದ ಮೊಮ್ಮಗಳಿಗೆಂದು ತಂದಿದ್ದ ಪುಟ್ಟ ಅಂಗಿಯನ್ನು ತೆಗೆದ. ಬೇರೆ ಊರಲ್ಲಿ ಬಣ್ಣ ಹಾಕಿಸಿಕೊಂಡು ಬಂದ ಬಟ್ಟೆಯಿಂದ ತನ್ನ ಕಾರ್ಖಾನೆಯಲ್ಲೇ ಹೊಲಿದದ್ದು. ಅವನ ಬಣ್ಣದ ಪುಸ್ತಕದಲ್ಲಿ ನಲವತ್ತೊಂದನೆಯ ನೀಲಿ; ಈ ವರ್ಷ ಸಮುದ್ರದಾಚೆ ಎಲ್ಲರಿಗೂ ಇದೇ ಬೇಕಂತೆ. ಅದನ್ನು ಕೂಸಿನ ಬಟ್ಟೆಯ ಪಕ್ಕದಲ್ಲಿ ಕಿಟಕಿಯ ಕಟ್ಟೆಯ ಮೇಲೆ ಹರಡಿದ. ಒಂದು ಗಾಢ, ಒಂದು ತೆಳು. ಬಣ್ಣ ಒಂದೇ.

"ಶಾಲಿಂದೂ ಅಲ್ಲ, ಲಂಗದ್ದೂ ಅಲ್ಲ. ಇದು ಬಾವಿ ನೀರಲ್ಲೇ ಇದೆ."

ಬೀಗಿತ್ತಿಗೆ ಮೊದಲು ಕೇಳಿಸಿದ್ದು ಶಾಲಿನ ಮಾತೊಂದೇ. "ನೋಡಿದ್ಯಾ? ನಾನು ಹೇಳಲಿಲ್ವಾ?" ಎಂದು ಸೊಸೆಯತ್ತ ತಿರುಗಿದರು. ಸೊಸೆ ಕೂಸನ್ನು ಎತ್ತಿ ಎದೆಗೆ ಅವುಚಿಕೊಂಡಿದ್ದಳು.

"ಬಾವಿಗೆ ಎಲ್ಲಿಂದ ಬಂತಪ್ಪಾ?"

ಅವನು ಮಗಳ ಮುಖ ನೋಡಲಿಲ್ಲ. ಬಗ್ಗಿ ಟಬ್ಬನ್ನು ಬಚ್ಚಲಿಗೆ ಬೋರಲು ಹಾಕಿದ.

"ತವರಿಂದ ಬಂತಮ್ಮಾ," ಎಂದ. "ನಾನೇ ಕಳಿಸಿದ್ದು."