ಗೋಡೆಗೆ ಅಂಟಿದ ನಿಂಬೆಹಣ್ಣು

ಅಂಗಳ ತೊಳೆಯುತ್ತಿದ್ದ ವತ್ಸಲಾ, ಬೆಳಿಗ್ಗೆ ಪೂಜೆ ಮಾಡಿ ಕಾರಿನ ಚಕ್ರಗಳಡಿ ಇಟ್ಟಿದ್ದ ನಿಂಬೆಹಣ್ಣುಗಳನ್ನು ಹುಡುಕಿದರು. ಮೊದಲಾದರೆ ಆ ಪುಟ್ಟ ಕಾರು ಅವನ್ನು ಇದ್ದಲ್ಲೇ ಅಪ್ಪಚ್ಚಿ ಮಾಡಿ ಹೋಗುತ್ತಿತ್ತು. ಈಗ ಮಗ ಕಶ್ಯಪ್ ಅದಕ್ಕೆ ರೇಸ್ ಕಾರಿನ ಎಂಜಿನ್ ಕೂರಿಸಿ, ಮುಂದಿನೆರಡೇ ಅಲ್ಲದೆ ನಾಲ್ಕೂ ಚಕ್ರ ಎಳೆಯುವಂತೆ ಮಾಡಿದ್ದ. ಹಿಂದಿನ ಚಕ್ರದ ಹಣ್ಣು ಚಿಂದಿಯಾಗಿ ಹಿಂಗೋಡೆಗೆ ಬಡಿದಿತ್ತು. ಮೊಮ್ಮಗಳು ಅಪೂರ್ವಳ ಎತ್ತರ ಅಳೆದು ಎಳೆದಿದ್ದ ಪೆನ್ಸಿಲ್ ಗೆರೆಯ ಮೇಲೇ ಅದರ ತಿರುಳು ಅಂಟಿತ್ತು.

ಒಂದು ಸುತ್ತು ಹೊಡೆದು ಬಂದ ಕಶ್ಯಪ್ ಕಾರಿನ ಕಿಟಕಿಯಿಂದಲೇ ಕೂಗಿದ. "ಹೆಂಗಮ್ಮಾ ನಮ್ಮ ಹುಲಿ? ಸೋಮವಾರದಿಂದ ಅಪ್ಪೂನ ಸ್ಕೂಲಿಗೆ ಇದ್ರಲ್ಲೇ ಬಿಡ್ತೀನಿ."

"ಬ್ರೇಕು ಬದಲಾಯಿಸಿದ್ಯೇನೋ?"

"ಸದ್ಯಕ್ಕೆ ಹಳೇದೇ ಸಾಕು ಕಣಮ್ಮ. ನೀನೇನು ಆರ್‌ಟಿಓ ಇನ್‌ಸ್ಪೆಕ್ಟರ್ರಾ?"

ವತ್ಸಲಾ ನಗಲಿಲ್ಲ. ಕಾರು ಇನ್ನೂ ಅವರ ಹೆಸರಿನಲ್ಲೇ ಇತ್ತು. ಅದನ್ನು ರಸ್ತೆಗಿಳಿಯದಂತೆ ತಡೆಯಿರಿ ಎಂದು ಎಂಜಿನ್ ಕೆಲಸ ಶುರುವಾದಾಗಲೇ ಸಾರಿಗೆ ಕಚೇರಿಗೆ ಬರೆದ ಕಾಗದ, ಹೆತ್ತ ಮಗನ ಮೇಲೆ ದೂರು ಕೊಡಲು ಮನಸ್ಸಾಗದೆ, ತಿಂಗಳಿಂದ ಕ್ಯಾಲೆಂಡರಿನ ಹಿಂದೆ ಕೂತಿತ್ತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋಗಿ ಅದನ್ನು ತೆಗೆದರು. ಒಳಗೆ ಆಡುತ್ತಿದ್ದ ಅಪೂರ್ವಳ ಕೈ ಬಿಗಿಯಾಗಿ ಹಿಡಿದು ಬೀದಿಯ ತುದಿಯ ಅಂಚೆ ಡಬ್ಬದವರೆಗೆ ನಡೆದರು. ಬೆನ್ನ ಹಿಂದೆ ಎಂಜಿನ್ ಮತ್ತೆ ಗುರ್ರೆಂದಿತು. ವತ್ಸಲಾ ತಿರುಗಿ ನೋಡದೆ ಕಾಗದವನ್ನು ಡಬ್ಬಕ್ಕೆ ಹಾಕಿದರು.