ಬುಟ್ಟಿಯ ಹಗ್ಗಕ್ಕೆ ಬಳಿದ ಹಸಿರು

ಕೂರ್ಮರೂಪದಿಂದ ಮಂದರಗಿರಿಯ ಭಾರ ಹೊತ್ತ ಶ್ರೀಹರಿಗೆ ವಂದಿಸಿ ಹೇಳುವೆನು.

ಭಾರ ಎತ್ತುವ ಉಕ್ಕಿನ ಹಗ್ಗಗಳನ್ನು ಪರೀಕ್ಷಿಸಿದವನು ಅವಕ್ಕೆ ಹಸಿರು ಬಳಿಯಬೇಕೆಂಬುದು ಕಡಲ ನಡುವಣ ಒಂದು ತೈಲಬಾವಿಯ ಕಟ್ಟಳೆ. ಹಿಂದೊಮ್ಮೆ ಹಸಿರು ಹಗ್ಗವೇ ತುಂಡಾಗಿ ಅಲ್ಲಿನ ಕೆಲಸಗಾರ ಧೂಮಪ್ಪನ ತಮ್ಮ ಸತ್ತಿದ್ದ. "ಬಣ್ಣವಿತ್ತೆಂದರೆ ಪರೀಕ್ಷೆಯಾಗಿತ್ತೆಂದೇ ಅರ್ಥ, ಸತ್ತವನೇ ಭಾರವನ್ನು ಸರಿಯಾಗಿ ಕಟ್ಟಿರಲಿಲ್ಲ" ಎಂದು ವಿಚಾರಣೆಯಲ್ಲಿ ಪ್ರಮಾಣ ಮಾಡಿ ಪಾರಾದವನು ಅಂದಿನ ಪರೀಕ್ಷಕ ಪ್ರಭು.

ಈಗ ಪ್ರಭು ದೊಡ್ಡ ಸಾಹೇಬ, ಪರೀಕ್ಷಕ ಧೂಮಪ್ಪ. ಒಂದು ದಿನ ಸಾಹೇಬ ದಡಕ್ಕೆ ಹೊರಟ; ಕೆಳಗಿನ ದೋಣಿಗಿಳಿಯಲು ಕ್ರೇನಿನ ಹಗ್ಗಕ್ಕೆ ತೂಗುವ ಬುಟ್ಟಿಯೊಂದೇ ದಾರಿ.

"ಹಗ್ಗ ನೋಡಿದ್ದೀಯೇನಯ್ಯಾ?" ಎಂದ ಪ್ರಭು.

"ಹಸಿರು ಬಳಿದಿದ್ದೀನಲ್ಲ ಸಾಹೇಬ್ರೇ. ಇನ್ನೂ ಹಸಿ ಇದೆ, ಅಂಗಿಗೆ ಹತ್ತೀತು ಜೋಕೆ."

"ನೋಡಿದ್ಯಾ ಅಂತ ಕೇಳಿದ್ದು!"

"ನನ್ನ ತಮ್ಮನ ಹಗ್ಗಾನ ನೀವು ನೋಡಿದಷ್ಟೇ ನೋಡಿದ್ದೀನಿ. ಹತ್ತಿ."

ಸುತ್ತ ಕೆಲಸಗಾರರೆಲ್ಲ ನೆರೆದಿದ್ದರು. ಪ್ರಭು ಬುಟ್ಟಿಯಿಂದ ಹಿಂದೆ ಸರಿದ.

"ಸಾಯಿಸ್ತೀಯೇನೋ? ಅವತ್ತು ನಾನು ಹಗ್ಗಾನ ಮುಟ್ಟಿ ಕೂಡ ನೋಡಿರ್ಲಿಲ್ಲ, ಬರೀ ಬಣ್ಣ ಬಳಿದಿದ್ದೆ ಕಣೋ!"

"ಎಲ್ರೂ ಕೇಳಿಸ್ಕೊಂಡ್ರಲ್ಲ?" ಎಂದ ಧೂಮಪ್ಪ ತಾನೇ ಬುಟ್ಟಿ ಹತ್ತಿ, ಕ್ರೇನಿನವನತ್ತ ಕೈಯೆತ್ತಿ ಕೂಗಿದ: "ಈ ಹಗ್ಗಾನ ಎಳೆ ಎಳೆಯಾಗಿ ನೋಡಿದ್ದೀನಿ, ಎತ್ತಪ್ಪಾ!"

ಕೇಳಿದವರಿಗೆಲ್ಲ ದೀರ್ಘಾಯುಷ್ಯವೂ ನೆಮ್ಮದಿಯ ನಿದ್ರೆಯೂ ಲಭಿಸಲಿ.