ಒಬ್ಬರೇ ಆಡುವ ಆಟ

ಹನ್ನೆರಡು ವರ್ಷಗಳಿಂದ ಕಾತ್ಯಾಯಿನಿಗೆ ಭಾನುವಾರದ ಮಧ್ಯಾಹ್ನ ಕಣ್ಣು ಮುಚ್ಚಲು ಆಗಿರಲಿಲ್ಲ. ಊಟವಾಗುವುದೇ ತಡ, ಗಂಡನ ಮೂವರು ಗೆಳೆಯರು ಇಸ್ಪೀಟಿಗೆ ಹಾಜರು. ಐದು ಗಂಟೆಗೆ ಯಾರಾದರೊಬ್ಬರು ಜಗಳವಾಡಿ ಎದ್ದು ಹೋಗುವವರೆಗೂ ಅವಳು ಕಾಫಿ, ಬೋಂಡ ಸರಬರಾಜು ಮಾಡಬೇಕು. ಕೊನೆಗೆ ತಂಗಿಯ ಹತ್ತಿರ ಒಬ್ಬರೇ ಆಡುವ ಇಸ್ಪೀಟಾಟ ಕಲಿತು ಬಂದು ಗಂಡನನ್ನು ಎದುರಿಗೆ ಕೂರಿಸಿಕೊಂಡಳು.

“ಕಪ್ಪು ಹತ್ತರ ಮೇಲೆ ಕೆಂಪು ಒಂಬತ್ತು ಇಡ್ರೀ. ಇದಕ್ಕೆ ಯಾರ ಹಂಗೂ ಬೇಡ.”

ವಾರವಿಡೀ ಅವನು ಎಲೆ ಹರವಿಕೊಂಡು ಮೈಮರೆತ. ಶನಿವಾರ ತಾನಾಗಿಯೇ ಹೇಳಿದ: “ಇದರ ಮುಂದೆ ರಮ್ಮಿ ಏನೇನೂ ಅಲ್ಲ ಕಣೇ. ಅವರಿಗೂ ಹಾಗೇ ಹೇಳಿಬಿಟ್ಟೆ.”

ಭಾನುವಾರ ಅವಳು ಕಾಫಿ ಫಿಲ್ಟರನ್ನು ತೊಳೆದು ಬೋರಲು ಹಾಕಿ, ಚಾಪೆ ಹಾಸಿಕೊಂಡು ಮಲಗಿದಳು. ಜೋಂಪು ಹತ್ತುವಷ್ಟರಲ್ಲಿ ಹಜಾರದಲ್ಲಿ ಎಲೆ ಕಲೆಸುವ ಸದ್ದು ಕೇಳಿಸಿತು. ಎದ್ದು ಬಂದು ನೋಡಿದರೆ ನಾಲ್ಕು ಮೂಲೆಗೆ ನಾಲ್ವರು, ಒಬ್ಬೊಬ್ಬರ ಮುಂದೆ ಒಂದೊಂದು ಕಟ್ಟು ಇಸ್ಪೀಟು.

“ಇದು ಒಬ್ಬರೇ ಆಡೋದಲ್ವಾ?” ಎಂದಳು.

“ಹೌದು ಅತ್ತಿಗೆ, ಒಬ್ಬೊಬ್ಬರೇ ಆಡ್ತಿದ್ದೀವಿ,” ಗೆಳೆಯರಲ್ಲಿ ಹಿರಿಯ ಎಲೆಯಿಂದ ಕಣ್ಣೆತ್ತದೆ ಹೇಳಿದ. “ಇನ್ಮೇಲೆ ಜಗಳದ ಮಾತೇ ಇಲ್ಲ. ರಾತ್ರಿ ಊಟದ ತನಕ ಆರಾಮಾಗಿ ಕೂರಬಹುದು.”